ಗೋವಾ ಕಾರಿಗೆ ಕೆಎ-30 ನಂಬರ್

ಮಡಗಾಂವ್‌ನಲ್ಲಿ ಹಳೇ ಕಾರು ಅಗ್ಗಕ್ಕೆ ಸಿಕ್ಕಿದೆ, ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಮಾಲೀಕರ ಸಹಿ ಇದ್ದರೆ ಕಾರವಾರದಲ್ಲಿ ಹೆಸರು ಬದಲಾಗುತ್ತಾ ಅಂತ ಕೇಳಿದ್ದೀರಿ. ಅಷ್ಟೇ ಸಾಲದು ಸರ್. ಗಾಡಿ ಬೇರೆ ರಾಜ್ಯದ್ದಲ್ವಾ? ಮಾಲೀಕರು ಫಾರಂ 28 ಹಾಕಿ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ತೆಗೆಸಿಕೊಡಬೇಕು. ಅದು ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದೆಯಾ ನೋಡಿ. ಸಾಲ ತೀರಿದೆ ಅಂತ ಸುಮ್ನೆ ಬಾಯಲ್ಲಿ ಹೇಳಿದರೆ ಆಗಲ್ಲ, ಬ್ಯಾಂಕ್ ಸೀಲು ಒತ್ತಿದ ಫಾರಂ 35 ಬೇಕು.

ಜಾಸ್ತಿ ಪೆಟ್ಟು ಬೀಳುವುದು ತೆರಿಗೆಯಲ್ಲಿ. ಕಾರವಾರದ ಕೆಎ-30 ನಂಬರ್ ಬೇಕಾದರೆ ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. ಗಾಡಿ ಹಳೆಯದಾದಷ್ಟೂ ಕಡಿಮೆ. ಅದನ್ನೂ ಕೂಡಿಸಿ ನೋಡಿ, ಆಮೇಲೂ ಅಗ್ಗ ಅನಿಸಿದರೆ ತಗೊಳ್ಳಿ. ಶಿರಸಿಯ ಕೆಎ-31 ಗಾಡಿಯಾದರೆ ಈ ತಾಪತ್ರಯವೇ ಇಲ್ಲ. ಹಾಂ, ಇನ್ಶೂರೆನ್ಸ್ ಗಾಡಿ ತಗೊಂಡ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.