ಈಜು ಬಾರದ ಅಮ್ಮನನ್ನು ಕ್ರಾಬಿಯಲ್ಲಿ ಕಯಾಕ್ ಹತ್ತಿಸಬಹುದಾ?

ನೀವು ಕೇಳಿದ್ದು ಇಷ್ಟು: ಜನವರಿಯಲ್ಲಿ ಶಿವಮೊಗ್ಗದಿಂದ ಥಾಯ್ಲೆಂಡಿನ ಕ್ರಾಬಿಗೆ ಹೊರಟಿದ್ದೀರಿ. ಜೊತೆಗೆ ಅಮ್ಮ ಬರುತ್ತಾರೆ. ಅವರಿಗೆ 58 ವರ್ಷ, ಈಜು ಬರುವುದಿಲ್ಲ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಸುಣ್ಣಕಲ್ಲಿನ ಗುಡ್ಡಗಳ ನಡುವೆ ಗೈಡ್ ಕರೆದುಕೊಂಡು ಹೋಗುವ ಅರ್ಧ ದಿನದ ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ಪ್ರವಾಸ ಇದೆಯಲ್ಲ, ಅದಕ್ಕೆ ಅವರನ್ನೂ ಸೇರಿಸಬಹುದಾ? ಬೆಳಿಗ್ಗೆ ಹೋಗುವುದು ಒಳ್ಳೆಯದಾ, ಮಧ್ಯಾಹ್ನವಾ?

ಅಮ್ಮನನ್ನು ಖಂಡಿತ ಸೇರಿಸಿ. ಬೆಳಿಗ್ಗೆಯೋ ಮಧ್ಯಾಹ್ನವೋ ಎನ್ನುವುದನ್ನು ಮಾತ್ರ ನಿಮ್ಮ ಅನುಕೂಲ ನೋಡಿ ತೀರ್ಮಾನ ಮಾಡಬೇಡಿ. ಸಮುದ್ರದ ಉಬ್ಬರ ಇಳಿತ ನೋಡಿ ಮಾಡಿ. ನಮಗೆ ಇದು ಗೊತ್ತಿಲ್ಲದೆ ಒಂದು ದಿನ ಪೂರ್ತಿ ಹಾಳಾಯಿತು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆ ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಆಚೆ ದಡದಲ್ಲಿ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಗುವ ತನಕ ಪೇಟೆಗೆ ಹೋಗಲು ಲಾಂಚನ್ನೇ ನಂಬಿಕೊಂಡಿದ್ದವರು ನಾವು. ನೀರಿನ ಜೊತೆಗೇ ಬೆಳೆದವರು. ಆದರೆ ನಮ್ಮ ನೀರು ವರ್ಷಕ್ಕೆ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಮಳೆಗಾಲದಲ್ಲಿ ದಿನಾ ಪೇಪರ್ ಬಿಡಿಸಿ, ಲಿಂಗನಮಕ್ಕಿ ಡ್ಯಾಂ ತುಂಬಲು, ಅಂದರೆ 1819 ಅಡಿ ಮುಟ್ಟಲು ಇನ್ನೆಷ್ಟು ಬಾಕಿ ಅಂತ ನೋಡುತ್ತೇವೆ. ಬೇಸಿಗೆಗೆ ನೀರು ಹಿಂದೆ ಸರಿದು, ಮುಳುಗಿದ್ದ ಮರಗಳ ಬೊಡ್ಡೆ ಮೇಲೆ ಬರುತ್ತದೆ. ನಮಗೆ ಗೊತ್ತಿದ್ದ ಏರಿಳಿತ ಅದು. ಅಂಡಮಾನ್ ಸಮುದ್ರದ ಆ ದಂಡೆಯಲ್ಲಿ ಇದೇ ಆಟ ಒಂದು ದಿನದಲ್ಲಿ ಎರಡು ಸಲ ನಡೆಯುತ್ತದೆ. ನೀರು ಸುಮಾರು 6 ಗಂಟೆ ಏರುತ್ತದೆ, ಮತ್ತೆ 6 ಗಂಟೆ ಇಳಿಯುತ್ತದೆ. ಬೆಳಿಗ್ಗೆ ಕಯಾಕ್ ಹಾಯ್ದ ಜಾಗದಲ್ಲಿ ಮಧ್ಯಾಹ್ನ ಏಡಿ ಓಡಾಡುತ್ತಿರುತ್ತದೆ.

ನಾವು ಹೋಗಿದ್ದು ಫೆಬ್ರವರಿಯಲ್ಲಿ. ನಾನು, ಹೆಂಡತಿ ಮತ್ತು ಅಪ್ಪಯ್ಯ. ಕಯಾಕ್‌ಗೆ ಜಾಸ್ತಿ ಜನ ಹೋಗುವುದು ಆವ್ ಥಲೇನ್ ಎಂಬ ಜಾಗಕ್ಕೆ. ಥಾಯ್ ಭಾಷೆಯಲ್ಲಿ ಆವ್ ಅಂದರೆ ಕೊಲ್ಲಿ. ಪ್ರವಾಸಿಗರು ಉಳಿದುಕೊಳ್ಳುವ ಆವ್ ನಾಂಗ್‌ನಿಂದ ವ್ಯಾನಿನಲ್ಲಿ ಅರ್ಧ ಮುಕ್ಕಾಲು ಗಂಟೆ ದಾರಿ. ರಸ್ತೆ ಬದಿಯ ಒಬ್ಬ ಏಜೆಂಟ್ ಹತ್ತಿರ ಮಧ್ಯಾಹ್ನದ ಟೂರ್ ಬುಕ್ ಮಾಡಿದೆವು. "ಯಾವ ಹೊತ್ತಾದರೂ ಒಂದೇ" ಅಂದರು. ನಾವು ನಂಬಿದೆವು.

ಹೋಗಿ ನೋಡಿದರೆ ನೀರು ಇಳಿಯುತ್ತಾ ಇದೆ. ಅರ್ಧ ಗಂಟೆ ಹುಟ್ಟು ಹಾಕಿದ್ದೆವು ಅಷ್ಟೆ, ಕಾಂಡ್ಲಾ ಮರಗಳ ನಡುವಿನ ಕಾಲುವೆಯಲ್ಲಿ ಕಯಾಕಿನ ತಳ ಕೆಸರಿಗೆ ಉಜ್ಜತೊಡಗಿತು. ಗೈಡ್ ಇಳಿದು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಒಬ್ಬೊಬ್ಬರನ್ನೇ ಎಳೆದ. ಪಾಪ, ಅವನ ತಪ್ಪು ಏನೂ ಇರಲಿಲ್ಲ. ಎರಡು ಬಂಡೆಗೋಡೆಗಳ ನಡುವಿನ ಇರುಕು ದಾರಿ ನೋಡಬೇಕು ಅಂತಲೇ ಹೋಗಿದ್ದು, ಅದರ ಬಾಯಿಂದಲೇ ವಾಪಸ್ ಬಂದೆವು. ಬಿಸಿಲು, ಕೆಸರು, ಮೈಕೈ ನೋವು. ಅಪ್ಪಯ್ಯ ಏನೂ ಹೇಳಲಿಲ್ಲ. ಅವರಿಗೆ ಬೇಜಾರಾಗಿದ್ದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಆ ರಾತ್ರಿ ಕೂತು ಕ್ರಾಬಿಯ ಟೈಡ್ ಟೇಬಲ್ ಹುಡುಕಿದೆ. ಇಂಟರ್ನೆಟ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಯಾವ ದಿನ ಎಷ್ಟು ಗಂಟೆಗೆ ನೀರು ಪೂರ್ತಿ ಏರುತ್ತದೆ, ಎಷ್ಟು ಎತ್ತರಕ್ಕೆ, ಎಲ್ಲ ಅದರಲ್ಲಿ ಇರುತ್ತದೆ. ಮನೆಯ ಗೋಡೆಯ ಪಂಚಾಂಗದ ಕ್ಯಾಲೆಂಡರ್ ಕೂಡ ಇದಕ್ಕೆ ಉಪಯೋಗಕ್ಕೆ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನೀರು ತುಂಬಾ ಏರುತ್ತದೆ, ಹಾಗೇ ತುಂಬಾ ಇಳಿಯುತ್ತದೆ. ಅಷ್ಟಮಿಯ ಹತ್ತಿರ ಏರಿಳಿತ ಎರಡೂ ಕಮ್ಮಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಚಂದ್ರ ಹುಟ್ಟುವ ಹೊತ್ತಿನ ಹಾಗೇ. ಹಾಗಾಗಿ ಈ ವಾರ ಬೆಳಿಗ್ಗೆ ಒಳ್ಳೆಯದಾಗಿದ್ದರೆ ಮುಂದಿನ ವಾರ ಮಧ್ಯಾಹ್ನ ಒಳ್ಳೆಯದಿರಬಹುದು. ಪೂರ್ತಿ ಉಬ್ಬರಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ನೀರಿಗೆ ಇಳಿಯುವ ಟೂರ್ ಹುಡುಕಿ. ಒಳಗೆ ಹೋಗುವಾಗ ಏರುವ ನೀರೇ ನಿಮ್ಮನ್ನು ತಳ್ಳಿಕೊಂಡು ಹೋಗುತ್ತದೆ. ತಿರುಗಿ ಬರುವ ಹೊತ್ತಿಗೆ ಇಳಿತ ಶುರುವಾಗಿ ಅದೇ ಹೊರಗೆ ತಂದು ಬಿಡುತ್ತದೆ. ಅಮ್ಮನ ತೋಳಿಗೆ ಅರ್ಧ ಕೆಲಸ ಕಮ್ಮಿ.

ಅದೇ ಕ್ರಾಬಿಯಲ್ಲಿ ಬೋ ಥೋ ಎಂಬ ಕಡೆ ಇನ್ನೊಂದು ಕಯಾಕ್ ದಾರಿ ಇದೆ. ಅಲ್ಲಿ ಗುಡ್ಡದ ಅಡಿಯ ಥಮ್ ಲೋಡ್ ಗವಿಯೊಳಗೇ ಹಾದು ಆಚೆ ಬರಬಹುದು. ಹತ್ತಿರದ ಇನ್ನೊಂದು ಗವಿಯಲ್ಲಿ ಹಳೆಯ ಕಾಲದ ಜನ ಕೆಂಪು ಬಣ್ಣದಲ್ಲಿ ಬರೆದ ಚಿತ್ರಗಳಿವೆ. ಆದರೆ ಅಲ್ಲಿ ಲೆಕ್ಕ ಉಲ್ಟಾ. ನೀರು ತೀರಾ ಏರಿದರೆ ಗವಿಯ ಮಾಡಿಗೆ ತಲೆ ತಾಗುತ್ತದೆ. ಬುಕ್ ಮಾಡುವ ಮುಂಚೆ ಯಾವ ದಾರಿ ಅಂತ ಕೇಳಿಕೊಳ್ಳಿ.

ಒಂದು ದಿನ ಬಿಟ್ಟು ಮತ್ತೆ ಹೋದೆವು, ಬೇರೆಯವರ ಜೊತೆ, ಬೆಳಿಗ್ಗೆ. ಅದು ಅದೇ ಜಾಗ ಅಂತ ನಂಬಲು ಆಗಲಿಲ್ಲ. ಮೊನ್ನೆ ಕೆಸರಿದ್ದ ಕಡೆ ಹಸಿರು ನೀರು ತುಂಬಿ ನಿಂತಿತ್ತು. ಕಾಂಡ್ಲಾ ಮರದ ಬೇರುಗಳು ಕಾಂಡದ ಅರ್ಧದಿಂದಲೇ ಕಮಾನಿನ ಹಾಗೆ ಬಗ್ಗಿ ನೀರಿಗೆ ಇಳಿದಿದ್ದವು. ಜೋಗದಿಂದ ಹೊನ್ನಾವರಕ್ಕೆ ಇಳಿಯುವಾಗ ಕತ್ತಲೆಕಾನು ಸಿಗುತ್ತದಲ್ಲ, ಅಲ್ಲಿನ ರಾಮಪತ್ರೆ ಜಡ್ಡಿ (ರಾಮಪತ್ರೆ ಮರಗಳ ಜೌಗು ಕಾಡು) ನೋಡಿದ್ದೀರಾ? ಅಲ್ಲಿಯೂ ಮರಗಳು ಊರುಗೋಲಿನ ಹಾಗೆ ಬೇರು ಬಿಡುತ್ತವೆ, ಮೊಣಕಾಲು ಮಡಚಿದ ಹಾಗೆ ಬೇರನ್ನು ನೆಲದಿಂದ ಮೇಲೆ ಎತ್ತುತ್ತವೆ. ಕಾರಣ ಎರಡೂ ಕಡೆ ಒಂದೇ. ಸದಾ ನೀರು ನಿಲ್ಲುವ ಕೆಸರಿನಲ್ಲಿ ಗಾಳಿ ಇರುವುದಿಲ್ಲ. ಬೇರು ಉಸಿರಾಡಬೇಕು ಅಂದರೆ ಮೇಲಕ್ಕೆ ಬರಲೇಬೇಕು. ನಮ್ಮದು ಸಿಹಿನೀರಿನ ಕಾಡು, ಅದು ಉಪ್ಪುನೀರಿನದು. ಕಾಂಡ್ಲಾ ಬೇರು ನೀರನ್ನು ಎಳೆದುಕೊಳ್ಳುವಾಗ ಉಪ್ಪಿನ ಬಹುಪಾಲನ್ನು ಹೊರಗೇ ತಡೆಯುತ್ತದೆ.

ಅಪ್ಪಯ್ಯನಿಗೆ ತುಂಬಾ ಹಿಡಿಸಿದ್ದು ಆ ಮರದ ಬೀಜ. ಅದು ತಾಯಿಮರದಲ್ಲಿ ಇರುವಾಗಲೇ ಮೊಳಕೆ ಒಡೆದು, ನುಗ್ಗೆಕಾಯಿಯ ಹಾಗೆ ಉದ್ದಕ್ಕೆ ಇಳಿಬಿದ್ದಿರುತ್ತದೆ. ಇಳಿತದ ಹೊತ್ತಿಗೆ ಬಿದ್ದರೆ ಅಲ್ಲೇ ಕೆಸರಿಗೆ ನಾಟಿಕೊಳ್ಳಬಹುದು. ಉಬ್ಬರದಲ್ಲಿ ಬಿದ್ದರೆ ತೇಲಿ ಹೋಗಿ ಬೇರೆ ಎಲ್ಲೋ ಬೇರು ಬಿಡುತ್ತದೆ. "ಸಸಿ ಮಾಡಿಯೇ ಕಳಿಸುತ್ತದೆ ನೋಡು" ಅಂದರು. ಅಡಿಕೆ ಸಸಿ ಮಾಡಿ ಜೀವನ ಕಳೆದವರು ಅವರು.

ಕಾಡು ಮುಗಿಯುತ್ತಿದ್ದ ಹಾಗೆ ಬಂಡೆಗಳು ಎದ್ದು ನಿಲ್ಲುತ್ತವೆ. ನಮ್ಮ ಗುಡ್ಡಗಳ ಹಾಗೆ ನಿಧಾನವಾಗಿ ಏರುವುದಿಲ್ಲ, ನೀರಿನಿಂದ ನೇರ ಗೋಡೆ. ಕುಮಟಾ ಹತ್ತಿರದ ಯಾಣ ನೋಡಿದ್ದರೆ ಸ್ವಲ್ಪ ಅಂದಾಜು ಸಿಗುತ್ತದೆ, ಅದೂ ಸುಣ್ಣಕಲ್ಲೇ. ಯಾಣದ ಕಲ್ಲು ಕಪ್ಪು, ಕಾಡಿನ ನಡುವೆ ನಿಂತಿದೆ. ಇವು ಬೂದು, ಬಿಳಿ, ಕೆಂಪು ಗೆರೆಗಳ ಗೋಡೆಗಳು, ಬುಡ ಸಮುದ್ರದಲ್ಲಿ. ಎರಡು ಗೋಡೆಗಳ ನಡುವೆ ಹೋಗುವಾಗ ಮೇಲೆ ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತದೆ. ಮಾತಾಡಿದರೆ ಪ್ರತಿಧ್ವನಿ. ಎಲ್ಲರೂ ತಾವಾಗಿಯೇ ಹುಟ್ಟು ಹಾಕುವುದು ನಿಲ್ಲಿಸಿದರು.

ಗೈಡ್ ಕಯಾಕನ್ನು ಗೋಡೆಗೆ ಒತ್ತಿಸಿದ. ಅಪ್ಪಯ್ಯ ಕೈ ಚಾಚಿ ಕಲ್ಲು ಮುಟ್ಟಿದರು. "ಇದು ಸುಣ್ಣದ ಕಲ್ಲೇ ಹೌದಾ ಮಾರಾಯ?" ಹೌದು ಅಂದೆ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡಲು 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಅಂತ ಪ್ರತಿ ಮಳೆಗಾಲ ತೂಗಿದ ಕೈ ಅದು. ಆ ಗುಡ್ಡಗಳು 25 ಕೋಟಿ ವರ್ಷಕ್ಕೂ ಹಳೆಯವು. ಆಗಿನ ಸಮುದ್ರದ ತಳದಲ್ಲಿ ಚಿಪ್ಪು, ಹವಳ, ಸಣ್ಣ ಜೀವಿಗಳ ಮೈಗೂಡು ಕೂತು ಕೂತು ಕಲ್ಲಾದದ್ದು. ಆಮೇಲೆ ನೆಲ ಮೇಲೆ ಎದ್ದಿತು, ಮಳೆ ಅದನ್ನು ಕರಗಿಸುತ್ತಾ ಬಂತು. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿಗೆ ಸುಣ್ಣಕಲ್ಲು ಕರಗುತ್ತದೆ. ಸಂದು ಬಿರುಕಾಗಿ, ಬಿರುಕು ಗವಿಯಾಗಿ, ಗವಿಯ ಮಾಡು ಕುಸಿದು ಇಂಥ ಓಣಿಗಳಾಗುತ್ತವೆ. ಕರಗಿದ ಸುಣ್ಣ ತೊಟ್ಟಿಕ್ಕುವ ಕಡೆ ಮತ್ತೆ ಗಟ್ಟಿಯಾಗಿ, ಮೇಣದಬತ್ತಿಯಿಂದ ಮೇಣ ಇಳಿದ ಹಾಗೆ ಗೋಡೆಯಿಂದ ನೇತಾಡುತ್ತದೆ. ನೀರಿನ ಮಟ್ಟದಲ್ಲಿ ಗೋಡೆ ಒಳಕ್ಕೆ ಸವೆದಿದೆ. ಆ ಅಂಚಿನ ಕೆಳಗೆ ಕಯಾಕ್ ನಿಲ್ಲಿಸಿದರೆ ಒಳ್ಳೆಯ ನೆರಳು.

ಅಲ್ಲಿ ಉದ್ದ ಬಾಲದ ಮಂಗಗಳು ಬಂಡೆ ಇಳಿದು ಬರುತ್ತವೆ. ಏಡಿ ಹಿಡಿದು ತಿನ್ನುತ್ತವೆ, ಈಜುತ್ತವೆ, ಕಯಾಕ್ ಮೇಲೂ ಹತ್ತುತ್ತವೆ. ಬಾಳೆಹಣ್ಣು ಕೊಡುವವರನ್ನು ನೋಡಿದೆ. ದಯವಿಟ್ಟು ಕೊಡಬೇಡಿ, ಅಮ್ಮನಿಗೂ ಮೊದಲೇ ಹೇಳಿಡಿ. ಒಮ್ಮೆ ಕೊಟ್ಟರೆ ಮುಂದೆ ಬರುವ ಪ್ರತಿಯೊಬ್ಬರ ಚೀಲಕ್ಕೂ ಅವು ಕೈ ಹಾಕುತ್ತವೆ. ಕಚ್ಚಿದರೆ ರೇಬೀಸ್ ಚುಚ್ಚುಮದ್ದಿಗೆ ಆಸ್ಪತ್ರೆಗೆ ಓಡಬೇಕು. ಊರಲ್ಲಿ ತೋಟಕ್ಕೆ ಮಂಗ ಬಂದರೆ ಏನಾಗುತ್ತದೆ ಅಂತ ನಮಗೆ ಗೊತ್ತೇ ಇದೆ ಅಲ್ವಾ?

ಈಗ ಅಮ್ಮನ ವಿಷಯ. ಅಲ್ಲಿ ಕೊಡುವುದು ಸಾಮಾನ್ಯವಾಗಿ ಇಬ್ಬರು ಕೂರುವ ಅಗಲದ ಪ್ಲಾಸ್ಟಿಕ್ ಕಯಾಕ್. ಕಾಲು ಒಳಗೆ ತೂರಿಸುವುದಲ್ಲ, ಮೇಲೆಯೇ ಕೂರುವುದು. ಆದ್ದರಿಂದ ಅಕಸ್ಮಾತ್ ಮಗುಚಿದರೂ ಒಳಗೆ ಸಿಕ್ಕಿಕೊಳ್ಳುವ ಭಯ ಇಲ್ಲ. ಕಾಲುವೆ, ಓಣಿಗಳ ಒಳಗೆ ಅಲೆಯೂ ಇರುವುದಿಲ್ಲ. ದಿಕ್ಕು ತಿರುಗಿಸುವುದು ಹಿಂದೆ ಕೂತವರ ಕೆಲಸ. ಅಮ್ಮನನ್ನು ಮುಂದೆ ಕೂರಿಸಿ, ಹಿಂದೆ ಗೈಡ್ ಕೂರಲಿ ಎಂದು ಬುಕ್ ಮಾಡುವಾಗಲೇ ಹೇಳಿ. ಅಲ್ಲಿ ಹೋದ ಮೇಲೆ ಕೇಳಿದರೆ ಒಮ್ಮೊಮ್ಮೆ ಗೈಡ್ ಸಾಕಾಗುವುದಿಲ್ಲ. ಅಪ್ಪಯ್ಯ ಹಾಗೇ ಕೂತಿದ್ದರು. ಬೇಕೆನಿಸಿದಾಗ ಹುಟ್ಟು ಹಾಕಿದರು, ಸಾಕೆನಿಸಿದಾಗ ಮಡಿಲಲ್ಲಿ ಇಟ್ಟುಕೊಂಡು ನೋಡುತ್ತಾ ಕೂತರು.

ಲೈಫ್ ಜಾಕೆಟ್ ನೀವೇ ಪರೀಕ್ಷೆ ಮಾಡಿ. ಎಲ್ಲಾ ಪಟ್ಟಿ ಬಿಗಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಗಲ್ಲದ ತನಕ ಬಂದರೆ ಅದು ಸಡಿಲ, ಬೇರೆ ಕೇಳಿ. ಅಮ್ಮ ಸೀರೆ ಬಿಟ್ಟು ಬೇರೆ ಉಡುವವರಲ್ಲದಿದ್ದರೂ ಆ ಒಂದು ದಿನಕ್ಕೆ ಚೂಡಿದಾರ್ ಹಾಕಲು ಒಪ್ಪಿಸಿ. ನೀರಿನಲ್ಲಿ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಕೂತ ಜಾಗ ಒದ್ದೆಯಾಗಿಯೇ ಆಗುತ್ತದೆ. ಚಪ್ಪಲಿಗೆ ಹಿಂದೆ ಪಟ್ಟಿ ಇರಲಿ. ಸೊಂಟ ನೋವು ಇದ್ದರೆ ಮಾತ್ರ ಯೋಚಿಸಿ. ಎರಡು ಮೂರು ಗಂಟೆ ಕಾಲು ಚಾಚಿ ಕೂರುವುದು ಅಷ್ಟು ಸುಲಭ ಅಲ್ಲ, ನಡುವೆ ಶೌಚಾಲಯವೂ ಇರುವುದಿಲ್ಲ. ಹೊರಡುವ ಮುಂಚೆ ದಡದಲ್ಲೇ ಮುಗಿಸಿಕೊಳ್ಳಿ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೆಲವು ಟೂರ್‌ನಲ್ಲಿ ಊಟ ಸೇರಿರುತ್ತದೆ. ಸಸ್ಯಾಹಾರಿ ಆಗಿದ್ದರೆ "ಜೇ" ಅನ್ನಿ. ಮಾಂಸ, ಮೀನು, ಮೊಟ್ಟೆ ಇಲ್ಲದ, ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕದ ಅಡುಗೆಗೆ ಅಲ್ಲಿ ಹಾಗೆ ಹೇಳುತ್ತಾರೆ. "ಮಂಗ್‌ಸವಿರತ್" ಅಂದರೂ ಸಸ್ಯಾಹಾರ. ನಮ್ಮ ಮಾಂಸ, ವಿರತಿ ಎಂಬ ಮಾತುಗಳೇ ಆ ಕಡೆ ಹೋಗಿ ಹಾಗಾಗಿವೆ. ಸುಮ್ನೆ ಮಾಂಸ ಬೇಡ ಅಂದರೆ ಸಾಲದು, ಮೀನಿನ ಸಾಸ್ ಎಲ್ಲದಕ್ಕೂ ಬೀಳುತ್ತದೆ.

ಜನವರಿ ಒಳ್ಳೆಯ ತಿಂಗಳು. ಮಳೆ ಕಮ್ಮಿ, ಆ ದಂಡೆಯ ಸಮುದ್ರ ಶಾಂತ. ಮೇ ತಿಂಗಳಿಂದ ಅಕ್ಟೋಬರ್ ತನಕ ಅವರಿಗೂ ನಮ್ಮ ಹಾಗೇ ನೈಋತ್ಯ ಮಳೆ.

ಅಮ್ಮನಿಗೆ ಇನ್ನೂ ಹೆದರಿಕೆ ಇದ್ದರೆ ಹೊರಡುವ ಮುಂಚೆ ಒಂದು ಭಾನುವಾರ ಹೊನ್ನಾವರಕ್ಕೆ ಕರೆದುಕೊಂಡು ಹೋಗಿ. ಸಾಗರ, ಮಾವಿನಗುಂಡಿ ದಾಟಿ ಘಾಟಿ ಇಳಿದರೆ ಆಯಿತು. ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ ಬಿದ್ದ ನಮ್ಮ ಶರಾವತಿಯೇ ಅಲ್ಲಿ ಸಮುದ್ರ ಸೇರುವುದು. ಕಾಸರಕೋಡಿನಲ್ಲಿ ಕಾಂಡ್ಲಾ ಕಾಡಿನ ಒಳಗೆ ನಡೆದಾಡಲು ಹಲಗೆಯ ಹಾದಿ ಮಾಡಿದ್ದಾರೆ. ಹೊಳೆಯಲ್ಲಿ ದೋಣಿ ಸವಾರಿಯೂ ಇದೆ. ಅಲ್ಲಿಯೂ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಬೆಳಿಗ್ಗೆ ಒಮ್ಮೆ ಹಲಗೆ ಹಾದಿಯಲ್ಲಿ ನಿಂತು ಒಂದು ಬೇರನ್ನು ಗುರುತು ಇಟ್ಟುಕೊಳ್ಳಿ. ಊಟ ಮುಗಿಸಿ ಬಂದು ಅದೇ ಬೇರನ್ನು ಅಮ್ಮನಿಗೆ ತೋರಿಸಿ.

ನಿಮ್ಮ ಪ್ರವಾಸದ ತಾರೀಖು ತಿಳಿಸಿದರೆ ಆ ದಿನಗಳ ಉಬ್ಬರದ ಹೊತ್ತು ನೋಡಿ ಹೇಳುತ್ತೇನೆ.