ಮಗುವಿನ ಆಪರೇಷನ್‌ಗೆ ಮುನ್ನ ಚರ್ಮ ಶುದ್ಧಿ

ಪ್ರಶ್ನೆ: ನಾಲ್ಕು ವರ್ಷದ ಮಗನಿಗೆ ಮುಂದಿನ ವಾರ ಹರ್ನಿಯಾ ಆಪರೇಷನ್. ಹಿಂದಿನ ದಿನ ಎಣ್ಣೆ ಹಚ್ಚಿ, ಡೆಟಾಲ್ ನೀರಿನಲ್ಲಿ ಸ್ನಾನ ಮಾಡಿಸಬಹುದೇ?

ಉತ್ತರ: ಎರಡೂ ಬೇಡ. ಚರ್ಮದ ಮೇಲೆ ಎಣ್ಣೆ ಉಳಿದರೆ ಥಿಯೇಟರಿನಲ್ಲಿ ಹಚ್ಚುವ ಔಷಧಿ ಸರಿಯಾಗಿ ಹಿಡಿಯುವುದಿಲ್ಲ, ಪ್ಲಾಸ್ಟರೂ ನಿಲ್ಲುವುದಿಲ್ಲ. ಡೆಟಾಲ್ ಸ್ವಲ್ಪ ಹೆಚ್ಚಾದರೂ ಎಳೆಯ ಚರ್ಮ ಕೆಂಪಾಗಿ ಉರಿಯುತ್ತದೆ. ಹಿಂದಿನ ರಾತ್ರಿ ಒಮ್ಮೆ, ಸಾಧ್ಯವಾದರೆ ಬೆಳಿಗ್ಗೆ ಇನ್ನೊಮ್ಮೆ, ಉಗುರುಬೆಚ್ಚಗಿನ ನೀರಿನಲ್ಲಿ ಮಾಮೂಲಿ ಸೋಪು ಹಾಕಿ ಸ್ನಾನ ಮಾಡಿಸಿದರೆ ಸಾಕು. ಹೊಕ್ಕುಳು, ತೊಡೆಸಂದುಗಳನ್ನು ಮರೆಯಬೇಡಿ. ಆಮೇಲೆ ಪೌಡರ್, ಅರಿಶಿನ, ವಿಭೂತಿ ಯಾವುದನ್ನೂ ಹಚ್ಚದೆ ಒಗೆದ ಬಟ್ಟೆ ಹಾಕಿ. ಆಸ್ಪತ್ರೆಯವರೇ 4% ಕ್ಲೋರ್‌ಹೆಕ್ಸಿಡಿನ್ (ಚರ್ಮದ ಕ್ರಿಮಿ ಕೊಲ್ಲುವ ಔಷಧಿ) ದ್ರಾವಣ ಕೊಟ್ಟಿದ್ದರೆ ಕತ್ತಿನಿಂದ ಕೆಳಗೆ ಮಾತ್ರ ಬಳಸಿ. ಕಣ್ಣು, ಕಿವಿ, ಗುಪ್ತಾಂಗಕ್ಕೆ ತಾಗಬಾರದು.

ಆಪರೇಷನ್ ಆಗುವ ಜಾಗದ ಹತ್ತಿರ ಕುರು, ಕಜ್ಜಿ ಎದ್ದಿದ್ದರೆ ದಯವಿಟ್ಟು ಮುಚ್ಚಿಡಬೇಡಿ, ಮೊದಲೇ ಫೋನ್ ಮಾಡಿ. ತುರ್ತಿಲ್ಲದ ಆಪರೇಷನ್ನನ್ನು ಅದು ವಾಸಿಯಾಗುವವರೆಗೆ ಮುಂದೂಡುವುದೇ ಮೇಲು. ಆದರೆ ಹರ್ನಿಯಾದ ಉಬ್ಬು ಗಟ್ಟಿಯಾಗಿ ನೋವು, ವಾಂತಿ ಶುರುವಾದರೆ ಒಂದು ಗಂಟೆಯೂ ಕಾಯುವಂತಿಲ್ಲ.

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯೊಂದರ ಥಿಯೇಟರ್ ನರ್ಸ್. ಮಕ್ಕಳ ಚರ್ಮ ಶುದ್ಧಿಗೆ ಪೊವಿಡೋನ್ ಅಯೋಡಿನ್ (ಅಯೋಡಿನ್ ಇರುವ ಕಂದು ಕ್ರಿಮಿನಾಶಕ) ಒಳ್ಳೆಯದೋ, ಕ್ಲೋರ್‌ಹೆಕ್ಸಿಡಿನ್ ಬೆರೆತ ಸ್ಪಿರಿಟ್ಟೋ? ನಮ್ಮಲ್ಲಿ ಎರಡನೆಯದು ಯಾವಾಗಲೂ ಸಿಗುವುದಿಲ್ಲ.

ಉತ್ತರ: ಸಿಗದಿದ್ದರೆ ಕೊರಗಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಶಿಫಾರಸು ಕ್ಲೋರ್‌ಹೆಕ್ಸಿಡಿನ್ ಇರುವ ಸ್ಪಿರಿಟ್ ಪರವಾಗಿದೆ, ನಿಜ. ಆದರೆ 2021ರಲ್ಲಿ ಪ್ರಕಟವಾದ ಫಾಲ್ಕನ್ ಅಧ್ಯಯನ ಭಾರತವೂ ಸೇರಿ 7 ದೇಶಗಳಲ್ಲಿ ಹೊಟ್ಟೆಯ ಆಪರೇಷನ್ ಆದ 5,788 ಜನರನ್ನು, ಮಕ್ಕಳನ್ನೂ ಸೇರಿಸಿ, ಗಮನಿಸಿತು. 10% ಪೊವಿಡೋನ್‌ಗಿಂತ 2% ಕ್ಲೋರ್‌ಹೆಕ್ಸಿಡಿನ್ ಸ್ಪಿರಿಟ್ ಸೋಂಕನ್ನು ಹೆಚ್ಚು ತಡೆದದ್ದು ಕಾಣಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಯಾವ ಬಾಟಲಿ ಎನ್ನುವುದಕ್ಕಿಂತ ಹೇಗೆ ಹಚ್ಚಿದಿರಿ, ಒಣಗಲು ಬಿಟ್ಟಿರೋ ಇಲ್ಲವೋ ಎನ್ನುವುದೇ ದೊಡ್ಡದು.

ಕಣ್ಣಿಗೆ ಕಾಣುವ ಕೊಳೆಯನ್ನು ಮೊದಲು ತೊಳೆದು ಒರೆಸಿ. ಹೊಕ್ಕುಳನ್ನು ಬೇರೆ ಹತ್ತಿಯಿಂದ ಶುಚಿ ಮಾಡಿ. ಪೊವಿಡೋನ್ ಆದರೆ ಕೊಯ್ಯುವ ಜಾಗದಿಂದ ಸುತ್ತುಸುತ್ತಾಗಿ ಹೊರಕ್ಕೆ ಹೋಗಿ. ಅಂಚು ಮುಟ್ಟಿದ ಗಾಜ್ ಮತ್ತೆ ನಡುವಿಗೆ ಬರಬಾರದು. ಆಮೇಲೆ 2ರಿಂದ 3 ನಿಮಿಷ ಬಿಡಿ. ಅಯೋಡಿನ್ ನಿಧಾನವಾಗಿ ಬಿಡುಗಡೆಯಾಗಿ ಕ್ರಿಮಿ ಕೊಲ್ಲುವುದು ಈ ಹೊತ್ತಿನಲ್ಲೇ. ಸರ್ಜನ್ ಅವಸರ ಮಾಡಿದರೆಂದು ಹಸಿ ಇರುವಾಗಲೇ ಒರೆಸಿಬಿಟ್ಟರೆ ಹಚ್ಚಿದ್ದೆಲ್ಲ ವ್ಯರ್ಥ. ಕ್ಲೋರ್‌ಹೆಕ್ಸಿಡಿನ್ ಸ್ಪಿರಿಟ್ಟನ್ನು ಹಿಂದೆ ಮುಂದೆ ಉಜ್ಜಬೇಕು: ಒಣ ಚರ್ಮಕ್ಕೆ 30 ಸೆಕೆಂಡ್, ತೇವವಿರುವ ತೊಡೆಸಂದಿಗೆ 2 ನಿಮಿಷ. ಒಣಗಲು ಕನಿಷ್ಠ 3 ನಿಮಿಷ. ಕೂದಲಿನಲ್ಲಿ ಸಿಕ್ಕಿಕೊಂಡರೆ ಇನ್ನೂ ಬಹಳ ಹೊತ್ತು. ಮಗುವಿನ ಮೈ ಚಿಕ್ಕದು, ದ್ರಾವಣ ಬೇಗ ಹರಿದು ಬೆನ್ನ ಕೆಳಗೆ ನಿಲ್ಲುತ್ತದೆ. ಕಾಟರಿಯ (ವಿದ್ಯುತ್ತಿನಿಂದ ಸುಟ್ಟು ರಕ್ತ ನಿಲ್ಲಿಸುವ ಉಪಕರಣ) ಒಂದು ಕಿಡಿಗೆ ಅದು ಹೊತ್ತಿಕೊಳ್ಳಬಹುದು. ಹಾಗಾಗಿ ಎರಡೂ ಬದಿಗೆ ಟವೆಲ್ ತೂರಿಸಿ, ಡ್ರೇಪ್ (ಆಪರೇಷನ್ ಜಾಗದ ಸುತ್ತ ಹೊದಿಸುವ ಶುದ್ಧ ಬಟ್ಟೆ) ಹಾಕುವ ಮುನ್ನ ತೆಗೆದುಬಿಡಿ. ಕಿವಿಯೊಳಗೆ, ಕಣ್ಣಿಗೆ, ಮಿದುಳಿನ ಪೊರೆಗೆ ಕ್ಲೋರ್‌ಹೆಕ್ಸಿಡಿನ್ ಸೋಕಲೇಬಾರದು.

ಹಳೆಯ ಬಾಟಲಿಗೆ ಹೊಸ ದ್ರಾವಣ ಸುರಿದು ತುಂಬಿಸುವ ಪದ್ಧತಿ ನಿಮ್ಮಲ್ಲಿದ್ದರೆ ಇಂದೇ ನಿಲ್ಲಿಸಿ. ಆ್ಯಂಟಿಸೆಪ್ಟಿಕ್‌ನಲ್ಲೂ ಬೆಳೆಯಬಲ್ಲ ಬ್ಯಾಕ್ಟೀರಿಯಾಗಳಿವೆ. ಬ್ಲೇಡಿನಿಂದ ಕೂದಲು ಬೋಳಿಸಬೇಡಿ. ಸಣ್ಣ ಗೀರುಗಳಲ್ಲೇ ಸೋಂಕು ಶುರುವಾಗುತ್ತದೆ. ತೆಗೆಯಲೇಬೇಕಿದ್ದರೆ ಕ್ಲಿಪ್ಪರ್.

ಪ್ರಶ್ನೆ: ಏಳನೇ ತಿಂಗಳಲ್ಲೇ ಹುಟ್ಟಿದ ಮೊಮ್ಮಗಳಿಗೆ ಹೊಟ್ಟೆಯ ಆಪರೇಷನ್ ಆಯಿತು. ಬೆನ್ನ ಕೆಳಭಾಗ ಸುಟ್ಟಂತೆ ಕೆಂಪಾಗಿದೆ. ಏಕೆ?

ಉತ್ತರ: ಅಮ್ಮಾ, ಇಂದೇ ವೈದ್ಯರಿಗೆ ತೋರಿಸಿ. ಅವಧಿಗೆ ಮುಂಚೆ ಹುಟ್ಟಿದ ಮಗುವಿನ ಚರ್ಮದ ಹೊರಪದರ ಇನ್ನೂ ಬಲಿತಿರುವುದಿಲ್ಲ. ಬೆನ್ನ ಕೆಳಗೆ ನಿಂತ ಸ್ಪಿರಿಟ್ ಅಥವಾ ಕ್ಲೋರ್‌ಹೆಕ್ಸಿಡಿನ್ ಅದನ್ನು ಸುಡಬಲ್ಲದು. ಒತ್ತಡದಿಂದಾದ ಗಾಯವೂ ಹೀಗೇ ಕಾಣಬಹುದು, ನೋಡಿಯೇ ಹೇಳಬೇಕು. ಮನೆಯಲ್ಲಿ ಏನನ್ನೂ ಹಚ್ಚಬೇಡಿ.

ಹಚ್ಚಿದ್ದು ಪೊವಿಡೋನ್ ಆಗಿತ್ತೇ ಎಂದೂ ಕೇಳಿ. ಅಯೋಡಿನ್ ಇಂಥ ಚರ್ಮದ ಮೂಲಕ ರಕ್ತಕ್ಕೆ ಸೇರಿ ಥೈರಾಯ್ಡ್ ಕೆಲಸವನ್ನು ಕೆಲಕಾಲ ತಗ್ಗಿಸಬಹುದು. ಅದಕ್ಕೇ ಆಪರೇಷನ್ ಮುಗಿದ ಮೇಲೆ ಸ್ಟೆರೈಲ್ ಸಲೈನ್‌ನಿಂದ (ಕ್ರಿಮಿರಹಿತ ಉಪ್ಪುನೀರು) ಅದನ್ನು ಒರೆಸಿ ತೆಗೆಯಬೇಕು. ಹುಟ್ಟಿದಾಗ ಮಾಡಿದ ಟಿಎಸ್ಎಚ್ (ಥೈರಾಯ್ಡ್ ಕೆಲಸ ತಿಳಿಸುವ ರಕ್ತ) ಪರೀಕ್ಷೆ ಸರಿ ಇದ್ದರೂ, ಅದು ಆಪರೇಷನ್‌ಗಿಂತ ಮುಂಚಿನದಾದರೆ, ಮತ್ತೊಮ್ಮೆ ಯಾವಾಗ ಮಾಡಿಸಬೇಕೆಂದು ಮಕ್ಕಳ ವೈದ್ಯರನ್ನು ಕೇಳಿ.