ನಡು ಆಟದಲ್ಲಿ ರೂಟರ್ ಕೀಳಬೇಡಿ

ಪ್ರಶ್ನೆ: ಡಾಕ್ಟರೇ, ನನ್ನ ಮಗ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಒಳ್ಳೇ ಮಾರ್ಕ್ಸ್ ಬಂತು ಅಂತ ಫಸ್ಟ್ ಪಿಯುಸಿ ಸೈನ್ಸಿಗೆ ಸೇರಿಸಿದೆವು. ಈಗ ರಾತ್ರಿ ಒಂದು ಗಂಟೆಯಾದರೂ ಮೊಬೈಲಿನಲ್ಲಿ ಬಿಜಿಎಂಐ ಅನ್ನೋ ಶೂಟಿಂಗ್ ಗೇಮ್ ಆಡುತ್ತಿರುತ್ತಾನೆ. ಊಟಕ್ಕೆ ಕರೆದರೆ 'ಒಂದ್ ನಿಮಿಷ ಅಮ್ಮಾ' ಅಂತಾನೆ, ಆ ನಿಮಿಷ ಮುಗಿಯೋದೇ ಇಲ್ಲ. ಮೊನ್ನೆ ನಮ್ಮ ಯಜಮಾನರು ಸಿಟ್ಟಿಗೆದ್ದು ರೂಟರ್ ವೈರ್ ಕಿತ್ತರು. ಹುಡುಗ ತಟ್ಟೆ ಎಸೆದ. ನನ್ನ ಖಾತೆಯಿಂದ ಸ್ವಲ್ಪ ದುಡ್ಡೂ ಹೋಗಿದೆ. ಇದು ಕುಡಿತದ ಥರ ಚಟವಾ? ಭಾನುವಾರದ ಕ್ರಿಕೆಟ್ಟಿಗೆ ಮಾತ್ರ ಎಬ್ಬಿಸೋದೇ ಬೇಡ, ತಾನೇ ಎದ್ದು ಓಡುತ್ತಾನೆ.
- ಹೆಸರು ಬೇಡ, ತಿಪಟೂರು

ಉತ್ತರ: ಕ್ರಿಕೆಟ್ಟಿನ ಸಾಲು ಬರೆದು ಒಳ್ಳೆಯ ಕೆಲಸ ಮಾಡಿದಿರಿ. ನನಗೆ ಅರ್ಧ ಉತ್ತರ ಅದರಲ್ಲೇ ಸಿಕ್ಕಿತು.

ಗೇಮ್ ಚಟವಾಗುತ್ತಾ ಅಂದರೆ, ಆಗುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11ರಲ್ಲಿ ಅದು 'ಗೇಮಿಂಗ್ ಡಿಸಾರ್ಡರ್' ಎಂಬ ಹೆಸರಿನಲ್ಲಿದೆ. ಆ ಪಟ್ಟಿಗೆ 2019ರಲ್ಲಿ ಒಪ್ಪಿಗೆ ಸಿಕ್ಕಿತು, 2022ರ ಜನವರಿಯಿಂದ ಜಾರಿಯಲ್ಲಿದೆ. ದಿನಕ್ಕೆ ಇಷ್ಟು ಗಂಟೆ ಆಡಿದರೆ ರೋಗ ಅಂತ ಅದರಲ್ಲಿ ಎಲ್ಲೂ ಇಲ್ಲ. ಆಟದ ಮೇಲೆ ಹಿಡಿತ ತಪ್ಪಿದೆಯಾ, ಉಳಿದೆಲ್ಲಕ್ಕಿಂತ ಆಟವೇ ದೊಡ್ಡದಾಗಿದೆಯಾ, ನಷ್ಟವಾಗುವುದು ಕಂಡರೂ ನಿಲ್ಲಿಸಲು ಆಗುತ್ತಿಲ್ಲವಾ ಅಂತ ನೋಡುತ್ತೇವೆ. ಅದೂ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಹೀಗೇ ಇದ್ದರೆ. ಆಡುವವರಲ್ಲಿ ಹೆಚ್ಚಿನವರು ಅಲ್ಲಿಯವರೆಗೆ ಹೋಗುವುದಿಲ್ಲ. ಕ್ರಿಕೆಟ್ ಇನ್ನೂ ಬಿಡದ ಹುಡುಗ ಈಗಲೇ ಅಲ್ಲಿದ್ದಾನೆ ಅಂತ ನನಗೆ ಅನ್ನಿಸುತ್ತಿಲ್ಲ.

ಹಾಗಂತ ಗೇಮ್ ಏನೂ ಅಮಾಯಕ ಅಲ್ಲ. ನನ್ನ ಹತ್ತಿರ ಬರುವ ಹುಡುಗರಿಗೆ ಫೋನ್ ತೆಗೆದು ನನಗೆ ಆಟ ತೋರಿಸು ಅನ್ನುತ್ತೇನೆ. ಅಲ್ಲಿವರೆಗೆ ನೆಲ ನೋಡುತ್ತಿದ್ದವನು ನೆಟ್ಟಗೆ ಕೂರುತ್ತಾನೆ. ನೂರು ಜನ ವಿಮಾನದಿಂದ ಜಿಗಿಯುತ್ತಾರೆ, ಸುರಕ್ಷಿತ ಜಾಗ ಕಿರಿದಾಗುತ್ತಾ ಹೋಗುತ್ತೆ, ಕೊನೆಗೆ ಉಳಿದವರಿಗೆ 'ಚಿಕನ್ ಡಿನ್ನರ್', ಅಂದರೆ ಗೆಲುವು. ಕೊನೆವರೆಗೆ ಉಳಿದರೆ ಪಂದ್ಯ ಸುಮಾರು ಅರ್ಧ ಗಂಟೆ. ಬೇಗ ಸತ್ತರೆ ಐದು ನಿಮಿಷ, ಛೇ ಅಂದು ಇನ್ನೊಂದು ಶುರು. ಹೊರಗೆ ಬಂದರೆ ಮೂಲೆಯಲ್ಲಿ ಕೆಂಪು ಚುಕ್ಕೆ: ಇವತ್ತಿನ ಮಿಷನ್ ಬಾಕಿ ಇದೆ, ಇವತ್ತು ಬರದಿದ್ದರೆ ಬಹುಮಾನ ಹೋಯ್ತು. ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆಯಲ್ಲಿ ಏನಿದೆ ಅಂತ ಮೊದಲೇ ಗೊತ್ತಾಗಲ್ಲ. ಯಾವಾಗ ಸಿಗುತ್ತೋ ತಿಳಿಯದ ಬಹುಮಾನಕ್ಕೆ ಪಾರಿವಾಳಗಳೂ ಬಿಡದೆ ಕೊಕ್ಕು ಕುಟ್ಟುತ್ತವೆ ಅಂತ ಸ್ಕಿನ್ನರ್ ಎಂಬ ಮನಃಶಾಸ್ತ್ರಜ್ಞ ಕಳೆದ ಶತಮಾನದಲ್ಲೇ ತೋರಿಸಿದ್ದ. ಇಂಥ ಪೆಟ್ಟಿಗೆಗಳನ್ನು ಬೆಲ್ಜಿಯಂ 2018ರಲ್ಲಿ ಜೂಜು ಎಂದೇ ಪರಿಗಣಿಸಿತು.

ಇನ್ನು ರೂಟರ್. ಅವನ ಜೊತೆ ಮೂವರು ಗೆಳೆಯರು ಆಡುತ್ತಿರುತ್ತಾರೆ. ನಡುವೆ ವೈರ್ ಕೀಳುವುದೆಂದರೆ, ಕಬಡ್ಡಿ ರೈಡಿಗೆ ಹೋದವನನ್ನು ಅಪ್ಪ ಕಾಲರ್ ಹಿಡಿದು ಮನೆಗೆ ಎಳೆದುಕೊಂಡು ಹೋದ ಹಾಗೆ. ತಟ್ಟೆ ಎಸೆದದ್ದು ತಪ್ಪೇ, ಅದನ್ನು ಅವನಿಗೆ ಹೇಳಿ. ಆದರೆ 'ಒಂದು ಗಂಟೆ' ಅನ್ನುವ ಬದಲು 'ಎರಡು ಮ್ಯಾಚ್' ಅಂತ ಮಾತಾಡಿಕೊಳ್ಳಿ. ಹತ್ತೂವರೆಗೆ ಮನೆಯ ಫೋನ್‌ಗಳೆಲ್ಲಾ ಹಾಲ್‌ನಲ್ಲಿ ಚಾರ್ಜಿಗೆ. ಯಜಮಾನರದ್ದೂ! ರೀಲ್ಸ್ ನೋಡುತ್ತಾ ಮಲಗುವ ಅಪ್ಪನ ಮಾತು ಯಾವ ಮಗ ಕೇಳ್ತಾನೆ? ಸದ್ಯಕ್ಕೆ ಅವನಿಗೆ ಆಗುತ್ತಿರುವ ದೊಡ್ಡ ನಷ್ಟ ನಿದ್ದೆಯದ್ದು.

ದುಡ್ಡು ಎಲ್ಲಿಗೆ ಹೋಯ್ತು ಅಂತ ಬೈಯದೆ ಕೇಳಿ, ಪಿನ್ ಬದಲಿಸಿ. ಆಟದೊಳಗಿನ ಬಟ್ಟೆ, ಬಂದೂಕಿನ ಬಣ್ಣಕ್ಕಾದರೆ ಒಂದು ಮಾತು. ರಮ್ಮಿ, ಬೆಟ್ಟಿಂಗ್ ಆದರೆ ತಡಮಾಡದೆ ಯಾರಿಗಾದರೂ ತೋರಿಸಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲೇ ಕಾನೂನು ಮಾಡಿ ನಿಷೇಧಿಸಿದೆ.

ನನಗೆ ಜಾಸ್ತಿ ಅನುಮಾನ ಇರುವುದು ಫಿಸಿಕ್ಸ್ ಮೇಲೆ. ಹತ್ತು ವರ್ಷ ಕನ್ನಡದಲ್ಲಿ ಓದಿ ಮೇಷ್ಟ್ರ ಹತ್ತಿರ ಶಭಾಶ್ ಅನ್ನಿಸಿಕೊಂಡ ಹುಡುಗ ಈಗ ಇಂಗ್ಲಿಷಿನಲ್ಲಿ ಹೇಳುವ ಫಿಸಿಕ್ಸ್ ಪಾಠಕ್ಕೆ ಕೂರುತ್ತಾನೆ, ಬೋರ್ಡ್ ಮೇಲಿದ್ದದ್ದನ್ನು ಸುಮ್ನೆ ಬರೆದುಕೊಳ್ಳುತ್ತಾನೆ. ಕೈ ಎತ್ತಿ ಕೇಳಲು ನಾಚಿಕೆ. ರಾತ್ರಿ ಆಟದಲ್ಲಾದರೆ ಅವನೇ ಲೀಡರ್, ಗೆಳೆಯರು ಅವನ ಮಾತು ಕೇಳುತ್ತಾರೆ. ನೀವಾಗಿದ್ದರೆ ಎಲ್ಲಿ ಇರುತ್ತಿದ್ದಿರಿ? ಆಟ ಜಾಸ್ತಿಯಾದದ್ದು ಯಾವ ತಿಂಗಳಿಂದ ಅಂತ ನೆನಪು ಮಾಡಿಕೊಳ್ಳಿ. ಕಾಲೇಜು ಶುರುವಾದ ಮೇಲೆ ಅನ್ನುವುದಾದರೆ ಲೆಕ್ಚರರ್ ಹತ್ತಿರ ಹೋಗಿ ಮಾತಾಡಿ. ಮನೆ ಹತ್ತಿರ ಕನ್ನಡದಲ್ಲೇ ಬಿಡಿಸಿ ಹೇಳುವವರು ಯಾರಾದರೂ ಇದ್ದರೆ ಅವರ ಹತ್ತಿರ ಕಳಿಸಿ.

ಕ್ರಿಕೆಟ್ ಬಿಟ್ಟರೆ, ಕಾಲೇಜು ತಪ್ಪಿಸಿದರೆ, ಕೈ ಮಾಡಿದರೆ, ಯಾವಾಗಲೂ ಮಂಕಾಗಿದ್ದರೆ ಕಾಯಬೇಡಿ. ಸಾಯುವ ಮಾತೆತ್ತಿದರೆ ಅವತ್ತೇ ಸಹಾಯ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416, ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೇಮ್, ಮೊಬೈಲ್ ಚಟಕ್ಕೆಂದೇ 2014ರಿಂದ 'ಶಟ್' ಕ್ಲಿನಿಕ್ ಇದೆ. ಹೋಗುವುದಾದರೆ ಅಪ್ಪನೂ ಜೊತೆಗೆ ಬರಲಿ, ಅವರ ಜೊತೆಗೂ ಮಾತಾಡುವುದಿರುತ್ತದೆ.